ರೊಟ್ಟಿ ಮನೆಯ ವಾಲ್ವಿಗೊಂದು ಹಿಡಿಕೆ

ಇಂಡಸ್ಟ್ರಿಯಲ್ ಎಸ್ಟೇಟ್, ರಾಜಾಜಿನಗರ
೬ ಜನವರಿ ೨೦೨೫

ನೀಲಮ್ಮನವರಿಗೆ ಶಂಭುಲಿಂಗಪ್ಪನ ಶರಣು.

ನನ್ನ ಗುರುತು ನಿಮಗಿಲ್ಲ. ನಿಮ್ಮ ರೊಟ್ಟಿ ಕೇಂದ್ರಕ್ಕೆ ಗ್ಯಾಸ್ ಪೈಪು ಎಳೆದುಕೊಟ್ಟ ಕಾಂತರಾಜು ನಮ್ಮ ಪಕ್ಕದ ಶೆಡ್ಡಿನಲ್ಲಿ ವಾಲ್ವ್ ಮಾಡುತ್ತಾನೆ. ನಾನು ಪ್ಲಾಸ್ಟಿಕ್ ಸಾಮಾನಿನ ಅಚ್ಚು ಮಾಡುವವನು. ಬಾಟಲಿ ಮುಚ್ಚಳ, ಕುಕ್ಕರ್ ಹಿಡಿ, ಕುರ್ಚಿ ಕಾಲಿನ ಬೂಟು, ಹೀಗೆ ನಲವತ್ತೊಂದು ವರ್ಷದಿಂದ ಅಚ್ಚು ಕೊರೆಯುತ್ತಲೇ ಇದ್ದೇನೆ.

ಕಾಂತರಾಜುವಿಗೆ ಈಗ ಗ್ಯಾಸ್ ವಾಲ್ವಿಗೆ ಕಬ್ಬಿಣದ ಹಿಡಿಕೆ ಬೇಡವಾಗಿದೆ. ಅದು ತುಕ್ಕು ಹಿಡಿಯುತ್ತದೆ, ಒಲೆಯ ಹತ್ತಿರವಿದ್ದರೆ ಕೈ ಸುಡುತ್ತದೆ. "ಸಾರ್, ಹತ್ತು ವರ್ಷ ಆದ್ರೂ ಯಾರೂ ಬಂದು ಹಿಡಿಕೆ ಹೋಯ್ತು ಅನ್ನಬಾರ್ದು, ಹಂಗಿರೋದೊಂದು ಮಾಡ್ಕೊಡಿ" ಎಂದಿದ್ದಾನೆ. ಯಾವ ಅಡುಗೆಮನೆಯಲ್ಲಿ ಪರೀಕ್ಷೆ ಮಾಡೋಣ ಎಂದಾಗ ನಿಮ್ಮ ಹೆಸರು ಹೇಳಿದ. ದಿನಕ್ಕೆ ಎರಡು ಸಾವಿರ ರೊಟ್ಟಿ ಬೇಯುವ ಕಡೆ ಉಳಿದುಕೊಂಡ ಹಿಡಿಕೆ ಎಲ್ಲಿ ಬೇಕಾದರೂ ಉಳಿದುಕೊಳ್ಳುತ್ತದಂತೆ.

ಎರಡು ಹಿಡಿಕೆ ಕಳಿಸಿದ್ದೇನೆ. ಒಂದನ್ನು ಕಾಂತರಾಜು ಜೋಡಿಸಿಕೊಡುತ್ತಾನೆ, ಇನ್ನೊಂದು ಕೈಯಲ್ಲಿರಲಿ. ನೈಲಾನಿನವು, ಎರಡು ಬದಿಗೆ ಎರಡು ರೆಕ್ಕೆ. ಹೊಳಪು ನೋಡಿ. ಈ ಅಚ್ಚಿಗೆ ನಾನೇ ಕೂತು ಒಂಬತ್ತು ದಿನ ಪಾಲಿಶ್ ಹಾಕಿದ್ದೇನೆ. ಅದರಲ್ಲಿ ಮುಖ ನೋಡಿಕೊಂಡು ಕ್ಷೌರ ಮಾಡಿಕೊಳ್ಳಬಹುದು.

ಏನನ್ನಿಸಿತೋ ಬರೆದು, ಇದೇ ಡಬ್ಬಿಯಲ್ಲಿಟ್ಟು, ಕಾಂತರಾಜುವಿನ ಕೈಗೆ ಕೊಡಿ. ಅವನ ಮನೆ ಕೆಂಗೇರಿಯಲ್ಲೇ ಇದೆಯಲ್ಲ. ಫೋನ್ ಮಾತ್ರ ಬೇಡ. ಫೋನಿನಲ್ಲಿ ಹೇಳಿದ್ದನ್ನು ಅಚ್ಚಿಗೆ ಕೊರೆಯಲು ಆಗುವುದಿಲ್ಲ.

ಶಂಭುಲಿಂಗಪ್ಪ


ಕೆಂಗೇರಿ ಉಪನಗರ
೧೫ ಜನವರಿ ೨೦೨೫

ಶಂಭುಲಿಂಗಪ್ಪನವರಿಗೆ ನೀಲಮ್ಮನ ಶರಣು ಶರಣಾರ್ಥಿ.

ನಿನ್ನೆ ಸಂಕ್ರಾಂತಿ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ ಇಟ್ಟಿದ್ದೇನೆ. ಮೊದಲು ಅವನ್ನು ತಿನ್ನಿ, ಆಮೇಲೆ ಮುಂದಿನದು ಓದಿ.

ತಿಂದಿರಾ? ನಿಮ್ಮ ಹಿಡಿಕೆ ಐದನೇ ದಿನಕ್ಕೆ ಮುರಿಯಿತು. ಚೂರುಗಳು ಡಬ್ಬಿಯ ತಳದಲ್ಲಿವೆ. ಈಗ ಎರಡನೆಯದನ್ನು ಹಾಕಿಕೊಂಡಿದ್ದೇವೆ.

ಹೊಳಪೇನೋ ಚೆನ್ನಾಗಿತ್ತು. ಆದರೆ ರೊಟ್ಟಿ ಮಾಡುವವರ ಕೈ ಯಾವಾಗ ನೋಡಿದರೂ ಹಸಿ ಹಿಟ್ಟಿನ ಕೈ. ಹಿಡಿದರೆ ಸೋಪಿನ ತುಂಡಿನ ಹಾಗೆ ಜಾರುತ್ತದೆ. ಇಲ್ಲಿ ಯಾರೂ ಕ್ಷೌರ ಮಾಡಿಕೊಳ್ಳುವುದಿಲ್ಲ, ನೀವು ಪಾಲಿಶ್ ಹಾಕಿದ್ದು ದಂಡವಾಯಿತು.

ನಮ್ಮ ಪದ್ಧತಿಯನ್ನೂ ನಿಮಗೆ ಹೇಳಬೇಕು. ನಾನು ರಾಣೆಬೆನ್ನೂರಿನಿಂದ ಬಂದು ಇಲ್ಲಿ ಒಲೆ ಹಚ್ಚಿ ಇಪ್ಪತ್ತೆರಡು ವರ್ಷವಾಯಿತು. ಈಗ ಏಳು ಜನ ಹೆಂಗಸರಿದ್ದೇವೆ. ಗೋಡೆಯ ವಾಲ್ವನ್ನು ಬೆಳಗ್ಗೆ ತೆರೆಯುವವಳು, ಸಂಜೆ ಬಂದ್ ಮಾಡುವವಳು ಒಬ್ಬಳೇ ಇರಬೇಕು. ಎರಡು ಕೈ ಬಿದ್ದರೆ ಅವಳು ಮಾಡಿರಬೇಕು, ಇವಳು ಮಾಡಿರಬೇಕು ಎಂದುಕೊಂಡು ಇಬ್ಬರೂ ಮನೆಗೆ ಹೋಗುತ್ತಾರೆ. ಹಾಗಾಗಿ ಬಂದ್ ಮಾಡುವವಳೇ ಈ ರೊಟ್ಟಿ ಮನೆಯ ಯಜಮಾನಿ. ಅವಳಿಗೆ ಆಗದ ದಿನ ಬೇರೆಯವಳಿಗೆ ಬಿಟ್ಟುಕೊಟ್ಟು, ಒಲೆಯಿಂದ ಎದ್ದು, ಕುರ್ಚಿಯಲ್ಲಿ ಕೂತು ಆರ್ಡರ್ ಬರೆದುಕೊಳ್ಳಬೇಕು. ನಾನೇ ಮಾಡಿದ ನಿಯಮ ಇದು.

ಕಳೆದ ಶ್ರಾವಣದಲ್ಲಿ ಹಿತ್ತಲಲ್ಲಿ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡೆ. ಪಟ್ಟಿ ಕಟ್ಟಿದ್ದ ಆರು ವಾರ ಸೊಸೆ ಶಿವರಂಜನಿ ಬಂದ್ ಮಾಡಿದಳು, ನಾನು ಕುರ್ಚಿಯಲ್ಲಿ ಕೂತೆ. ಹುಚ್ಚು ಹಿಡಿಯುವುದೊಂದು ಬಾಕಿ ಇತ್ತು. ಈಗ ಕೈ ಎಲ್ಲ ಸರಿಯಾಗಿದೆ. ನೀವು ಒಂದು ನೆಟ್ಟಗಿನ ಹಿಡಿಕೆ ಮಾಡಿಕೊಟ್ಟರೆ ಸಾಕು.

ನೀಲಮ್ಮ


ರಾಜಾಜಿನಗರ
೨೩ ಜನವರಿ ೨೦೨೫

ನೀಲಮ್ಮನವರಿಗೆ ಶರಣು.

ಹೋಳಿಗೆ ಚೆನ್ನಾಗಿತ್ತು. ಕಾಗದ ಅಷ್ಟು ಚೆನ್ನಾಗಿರಲಿಲ್ಲ.

ಚೂರುಗಳನ್ನು ಭೂತಗನ್ನಡಿ ಹಿಡಿದು ನೋಡಿದೆ. ತಿರುಚಿ ಮುರಿದ ಹಿಡಿಕೆ ನಡುವಿನ ಚೌಕ ತೂತಿನ ಮೂಲೆಯಿಂದ ಬಿರುಕು ಬಿಡುತ್ತದೆ. ನೀವು ಕಳಿಸಿದ್ದು ರೆಕ್ಕೆಯ ಬುಡದಲ್ಲಿ ಕಡಿದಿದೆ, ರೆಕ್ಕೆಯ ಮೇಲೆ ಜಜ್ಜಿದ ಗುರುತೂ ಇದೆ. ಅದರ ಮೇಲೆ ಏನಾದರೂ ಬಿತ್ತೇ?

ಇರಲಿ. ಈ ಸಲ ನೈಲಾನಿಗೆ ಗಾಜಿನ ಎಳೆ ಸೇರಿಸಿದ್ದೇನೆ, ಬುಡವನ್ನು ದಪ್ಪ ಮಾಡಿದ್ದೇನೆ. ಒಂಬತ್ತು ದಿನದ ಪಾಲಿಶ್ ಅಳಿಸಿ, ಜಾರದಿರಲಿ ಎಂದು ಸಣ್ಣ ಗೀರುಗಳನ್ನು ಕೊರೆದಿದ್ದೇನೆ. ಹೊಟ್ಟೆ ಉರಿಯಿತು, ನಿಜ ಹೇಳಬೇಕೆಂದರೆ. ಆದರೂ ಕೊರೆದೆ.

ಶಂಭುಲಿಂಗಪ್ಪ


ಕೆಂಗೇರಿ ಉಪನಗರ
೯ ಫೆಬ್ರವರಿ ೨೦೨೫

ಶಂಭುಲಿಂಗಪ್ಪನವರೇ,

ಅದೂ ಮುರಿಯಿತು. ಪಾತ್ರೆಯ ಮುಚ್ಚಳ ಬಿದ್ದಿತ್ತು.

ಗೀರುಗಳ ವಿಚಾರ ಕೇಳಿ. ಅವುಗಳಲ್ಲಿ ಹಿಟ್ಟು ಹೊಕ್ಕು, ಒಲೆಯ ಶಾಖಕ್ಕೆ ಒಣಗಿ ಕಲ್ಲಾಯಿತು. ಶಿವರಂಜನಿ ಹಳೆಯ ಹಲ್ಲುಜ್ಜುವ ಬ್ರಷ್ ಹಿಡಿದು ದಿನಾ ಅದರ ಸೇವೆಗೆ ನಿಲ್ಲಬೇಕಾಯಿತು.

ಮೊನ್ನೆ ಕಾಂತರಾಜು ಹತ್ತಿರ ನಿಮ್ಮ ನಂಬರ್ ಇಸಿದುಕೊಂಡು ಫೋನ್ ಮಾಡಿದೆ. ಮೂರು ಸಲ. ಎರಡು ಸಲ ಎತ್ತಲಿಲ್ಲ. ಮೂರನೇ ಸಲ ಎತ್ತಿ, ನಾನು ಇಷ್ಟುದ್ದ ಮಾತಾಡಿದ ಮೇಲೆ, "ಆಯ್ತು ಆಯ್ತು, ಇಡ್ತೀನಿ" ಎಂದು ಇಟ್ಟೇಬಿಟ್ಟಿರಿ. ರೊಟ್ಟಿ ಬಡಿಯುವವಳ ಜೊತೆ ಮಾತೇನು ಎಂದುಕೊಂಡಿರಾ? ನನಗೆ ಕೋಪ ಬಂತು. ಇನ್ನೂ ಇದೆ. ಅದಕ್ಕೇ ಈ ಸಲ ಡಬ್ಬಿಯಲ್ಲಿ ತಿನ್ನುವುದಕ್ಕೆ ಏನೂ ಇಲ್ಲ.

ಹಿಡಿಕೆ ಮುರಿದಾಗಲೆಲ್ಲ ಶಿವರಂಜನಿ ಬಂದು ನಿಲ್ಲುತ್ತಾಳೆ. "ಅತ್ತಿ, ನಾ ಬಂದ್ ಮಾಡ್ತೀನಿ ಬಿಡ್ರಿ, ನೀವ್ಯಾಕ ತ್ರಾಸ ತಗೋತೀರಿ?" ಎನ್ನುತ್ತಾಳೆ. ಒಳ್ಳೆಯ ಹುಡುಗಿ, ಆದರೆ ಅವಳ ಕಣ್ಣು ಕುರ್ಚಿಯ ಕಡೆ ಹೋಗುತ್ತದೆ. ನನಗೆ ಆ ಕುರ್ಚಿ ಬೇಡ. ಬೇಗ ಏನಾದರೂ ಮಾಡಿ.

ನೀಲಮ್ಮ


ರಾಜಾಜಿನಗರ
೧೬ ಫೆಬ್ರವರಿ ೨೦೨೫

ನೀಲಮ್ಮನವರಿಗೆ,

ಫೋನಿನ ವಿಷಯ ಮೊದಲ ಕಾಗದದಲ್ಲೇ ಹೇಳಿದ್ದೆ. ಅದರ ಮೇಲೆ ನನಗೆ ಹೇಳುವುದೇನೂ ಇಲ್ಲ.

ಈ ಹಿಡಿಕೆಯನ್ನು ಕೈಯಲ್ಲಿ ಹಿಡಿದು ನೋಡಿ, ತೂಕ ತಿಳಿಯುತ್ತದೆ. ಹೊಟ್ಟೆಯಲ್ಲಿ ಉಕ್ಕಿನ ಪಟ್ಟಿ ಇಟ್ಟು ಮೇಲೆ ನೈಲಾನ್ ಹೊದಿಸಿದ್ದೇನೆ. ನಮ್ಮ ಶೆಡ್ಡಿನ ನೆಲದ ಮೇಲೆ ಇಟ್ಟು ಸುತ್ತಿಗೆಯಿಂದ ಹೊಡೆದೆ. ನೆಲಕ್ಕೆ ಏಟಾಯಿತು. ಗೀರುಗಳನ್ನು ತೆಗೆದು ಬರೀ ಒರಟು ಮಾಡಿದ್ದೇನೆ, ಹಿಟ್ಟು ಒರೆಸಿದರೆ ಹೋಗುತ್ತದೆ. ನಿಮ್ಮ ಮನೆಯಲ್ಲಿ ಮುಚ್ಚಳವಲ್ಲ, ಮಾಳಿಗೆಯೇ ಬೀಳಲಿ. ಇದು ಮುರಿದರೆ ನನ್ನ ಹೆಸರು ಬದಲಾಯಿಸಿ ಕರೆಯಿರಿ.

ಶಂಭುಲಿಂಗಪ್ಪ


ಕೆಂಗೇರಿ ಉಪನಗರ
೮ ಮಾರ್ಚ್ ೨೦೨೫

ಶಂಭುಲಿಂಗಪ್ಪನವರಿಗೆ,

ಹಿಡಿಕೆ ಮುರಿಯಲಿಲ್ಲ. ನಿಮ್ಮ ಹೆಸರು ಹಾಗೆಯೇ ಇರಲಿ.

ವಾಲ್ವೇ ಹೋಯಿತು. ನಿನ್ನೆ ಮಧ್ಯಾಹ್ನ ಮೂರು ಗಂಟೆಗೆ ಗ್ಯಾಸಿನ ವಾಸನೆ ಬಂತು. ಶಿವರಂಜನಿ ಮೊದಲು ಹಿಡಿದಳು. ಒಲೆಗಳನ್ನೆಲ್ಲ ಆರಿಸಿ, ಹೊರಗೆ ಓಡಿ, ನಾಲ್ಕೂ ಸಿಲಿಂಡರ್ ಬಂದ್ ಮಾಡಿ, ಎಲ್ಲರನ್ನೂ ರಸ್ತೆಗೆ ಕಳಿಸಿದಳು. ಕಾಂತರಾಜು ಬಂದು ಸೋಪಿನ ನೊರೆ ಹಚ್ಚಿ ನೋಡಿದ. ಹಿಡಿಕೆಯ ಬುಡದಲ್ಲಿ ಗುಳ್ಳೆ ಎದ್ದವು. ಬೇರೆ ವಾಲ್ವ್ ಹಾಕಿ, ಹಳೆಯ ಕಬ್ಬಿಣದ ಹಿಡಿಕೆಯನ್ನೇ ಜೋಡಿಸಿ ಹೋದ.

ಯಾರಿಗೂ ಏನೂ ಆಗಲಿಲ್ಲ. ಒಂದು ಗೃಹಪ್ರವೇಶದ ಊಟಕ್ಕೆ ಇನ್ನೂರು ರೊಟ್ಟಿ ತಡವಾಯಿತು, ಅಷ್ಟೇ. ಆದರೆ ಆ ಆರು ಹೆಂಗಸರೂ ನನ್ನನ್ನು ನಂಬಿ ಬರುವವರು.

ಹೆಚ್ಚು ಬರೆಯಲಾರೆ.

ನೀಲಮ್ಮ


ರಾಜಾಜಿನಗರ
೧೦ ಮಾರ್ಚ್ ೨೦೨೫

ನೀಲಮ್ಮನವರಿಗೆ ಶಂಭುಲಿಂಗಪ್ಪ ಕೈಮುಗಿದು ಬರೆಯುವುದು.

ತಪ್ಪು ನನ್ನದು. ಆ ವಾಲ್ವನ್ನು ಕಾಂತರಾಜು ತಂದುಕೊಟ್ಟ, ಬಿಚ್ಚಿ ನೋಡಿದೆ. ಹಿಡಿಕೆ ಕೂರುವ ಒಳಗಿನ ಕಡ್ಡಿ ಬಾಗಿದೆ, ಅದರ ಸುತ್ತ ಗ್ಯಾಸ್ ತಡೆಯುವ ವಾಷರ್ ಹರಿದಿದೆ. ಮುರಿಯುತ್ತಿದ್ದ ಹಿಡಿಕೆ ಏಟನ್ನು ತಾನೇ ತಿಂದು ವಾಲ್ವನ್ನು ಕಾಯುತ್ತಿತ್ತು. ನಾನು ಉಕ್ಕು ತುಂಬಿ ಆ ಏಟನ್ನು ನೇರ ಕಡ್ಡಿಗೆ ದಾಟಿಸಿದೆ. ಹಿಡಿಕೆ ಗಟ್ಟಿಯಾದರೆ ಗೆದ್ದೆ ಎಂದುಕೊಂಡೆ. ಅದು ಗ್ಯಾಸನ್ನು ಕಾಯುವ ವಸ್ತು ಎಂಬುದನ್ನೇ ಮರೆತೆ. ನಿಮಗೆ ಏನಾದರೂ ಆಗಿದ್ದರೆ ಎಂದು ನೆನೆದು ಎರಡು ದಿನದಿಂದ ಊಟ ರುಚಿಸುತ್ತಿಲ್ಲ.

ಇನ್ನೊಂದು ತಪ್ಪನ್ನೂ ಹೇಳಿಬಿಡುತ್ತೇನೆ. ನನಗೆ ಕಿವಿ ಕೇಳುವುದಿಲ್ಲ. ಮಷಿನ್‌ಗಳ ಸದ್ದಿನಲ್ಲೇ ಬದುಕಿ ಎಡಗಿವಿ ಪೂರ್ತಿ ಹೋಗಿದೆ, ಬಲಗಿವಿಗೆ ಎದುರು ನಿಂತು ಕೂಗಬೇಕು. ಫೋನಿನಲ್ಲಿ ಬರೀ ಗುಂಯ್ ಎನ್ನುತ್ತದೆ. ಅಂದು ನೀವು ಮಾತಾಡಿದ್ದರಲ್ಲಿ ಒಂದು ಅಕ್ಷರವೂ ನನಗೆ ಗೊತ್ತಾಗಲಿಲ್ಲ. ಈ ಎಸ್ಟೇಟಿನಲ್ಲಿ ಕಿವುಡನಿಗೆ ಯಾರು ಕೆಲಸ ಕೊಡುತ್ತಾರೆ ಎಂದು ಹೆದರಿ, ಸಿಡುಕು ಮುದುಕನ ವೇಷ ಹಾಕಿಕೊಂಡಿದ್ದೇನೆ. ಕಾಂತರಾಜುವಿಗೂ ಹೇಳಿಲ್ಲ. ನಿಮಗೆ ಹೇಳಿದ್ದೇನೆ, ಯಾಕೆಂದರೆ ನಿಮ್ಮ ಮನಸ್ಸು ನೋಯಿಸಿದ್ದೇನೆ.

ಈಗ ಮೊದಲಿನಿಂದ ಶುರು ಮಾಡೋಣ. ನಾನು ಇಷ್ಟು ದಿನ ಹಿಡಿಕೆಯನ್ನೇ ನೋಡಿದೆ, ಹಿಡಿಯುವ ಕೈಯನ್ನು ನೋಡಲಿಲ್ಲ. ಒಂದು ಕೆಲಸ ಮಾಡಿ. ಗೋಧಿ ಹಿಟ್ಟನ್ನು ಗಟ್ಟಿಯಾಗಿ ಕಲಸಿ (ಜೋಳದ್ದು ಬಿರಿಯುತ್ತದೆ), ಕಬ್ಬಿಣದ ಹಿಡಿಕೆಯ ಸುತ್ತ ದಪ್ಪಗೆ ಮೆತ್ತಿ. ದಿನಾ ಹೇಗೆ ಬಂದ್ ಮಾಡುತ್ತೀರೋ ಹಾಗೆಯೇ ಮಾಡಿ. ಹಿಟ್ಟನ್ನು ಒಂದು ಕಡೆ ಸೀಳಿ ಬಿಡಿಸಿ, ನೆರಳಲ್ಲಿ ಒಣಗಿಸಿ ಕಳಿಸಿ. ನಿಮ್ಮ ಕೈಯೇ ಆಗಬೇಕು.

ಶಂಭುಲಿಂಗಪ್ಪ


ಕೆಂಗೇರಿ ಉಪನಗರ
೧೪ ಮಾರ್ಚ್ ೨೦೨೫

ಶಂಭುಲಿಂಗಪ್ಪಣ್ಣನವರಿಗೆ ಶರಣು ಶರಣಾರ್ಥಿ.

ಅಯ್ಯೋ, ಕಿವಿ ಕೇಳದಿದ್ದರೆ ಕೇಳದು ಎನ್ನಬಾರದೇ? ಆ ದಿನ ನಾನು ಫೋನಿನಲ್ಲಿ ನಿಮ್ಮನ್ನು ಬೈದದ್ದು ನಿಮಗೆ ಮುಟ್ಟಲೇ ಇಲ್ಲ ಎಂದು ಸಮಾಧಾನವಾಯಿತು. ಸುಮಾರು ಬೈದಿದ್ದೆ. ನನ್ನ ಕೋಪ ಹೋಯಿತು. ಡಬ್ಬಿಯಲ್ಲಿ ಚಟ್ನಿಪುಡಿ ಎರಡು ಥರ ಇದೆ, ಗುರೆಳ್ಳಿನದು, ಅಗಸಿಯದು.

ಹಿಟ್ಟಿನ ಮುದ್ದೆಯೂ ಇದೆ. ಇಪ್ಪತ್ತೆರಡು ವರ್ಷದಲ್ಲಿ ಹಿಟ್ಟನ್ನು ಎಲ್ಲೆಲ್ಲೋ ಮೆತ್ತಿದ್ದೇನೆ, ಗೋಡೆಯ ವಾಲ್ವಿಗೆ ಮೆತ್ತಿದ್ದು ಇದೇ ಮೊದಲು. ಶಿವರಂಜನಿ ನೋಡಿ, "ಅತ್ತಿ, ವಾಲ್ವಿಗೂ ರೊಟ್ಟಿ ಮಾಡಿ ತಿನಸ್ತೀರೇನ್ರಿ?" ಎಂದು ನಕ್ಕಳು. ಅವಳು ಆಚೆ ಹೋದ ಮೇಲೆ ಬಂದ್ ಮಾಡಿದೆ.

ಮುದ್ದೆ ಸ್ವಲ್ಪ ಸೊಟ್ಟಗಾಗಿದೆ. ಅದಕ್ಕೆ ಅರ್ಥ ಹುಡುಕಬೇಡಿ.

ನೀಲಮ್ಮ


ರಾಜಾಜಿನಗರ
೨೪ ಮಾರ್ಚ್ ೨೦೨೫

ತಂಗಿ ನೀಲಮ್ಮನಿಗೆ ಆಶೀರ್ವಾದ. ನೀವು ಅಣ್ಣ ಎಂದು ಬರೆದ ಮೇಲೆ ನಾನು ತಂಗಿ ಎನ್ನುವುದಕ್ಕೆ ಅಡ್ಡಿಯಿಲ್ಲ ಎಂದುಕೊಂಡಿದ್ದೇನೆ.

ಮುದ್ದೆಯನ್ನು ನಾಲ್ಕು ದಿನ ಮೇಜಿನ ಮೇಲಿಟ್ಟುಕೊಂಡು ನೋಡಿದೆ. ಕೈಯಲ್ಲಿ ಹಿಡಿದು ತಿರುಗಿಸಿದರೆ ಹೆಬ್ಬೆರಳಿನ ಗುರುತು ಆಳವಾಗಿ ಬೀಳಬೇಕು. ಇದರಲ್ಲಿ ಹೆಬ್ಬೆರಳೇ ಇಲ್ಲ, ಬೆರಳುಗಳೂ ಇಲ್ಲ. ಅಂಗೈಯ ಬುಡದಿಂದ ತಳ್ಳಿದ್ದೀರಿ. ಅದು ಸಾಲದೇ ಹೋದಾಗ ಯಾವುದೋ ಉರುಟು ಕೋಲಿನಿಂದ ಹೊಡೆದಿದ್ದೀರಿ. ಲಟ್ಟಣಿಗೆ ಇರಬೇಕು. ಆ ಗುಣಿಯನ್ನು ಒದ್ದೆ ಬೆರಳಿನಿಂದ ಸವರಿ ಮುಚ್ಚಿದ್ದೀರಿ. ನಲವತ್ತೊಂದು ವರ್ಷ ಇದೇ ಸವರುವ ಕೆಲಸ ಮಾಡಿದವನ ಮುಂದೆ ಇದು ನಡೆಯುವುದಿಲ್ಲ ತಂಗಿ.

ಪಾತ್ರೆಯ ಮುಚ್ಚಳ ಯಾವತ್ತೂ ಬಿದ್ದಿರಲಿಲ್ಲ ಅಲ್ಲವೇ? ಮುರಿದ ಮಣಿಕಟ್ಟು ಇನ್ನೂ ತಿರುಗುತ್ತಿಲ್ಲ. ನಾನು ಬೈಯುತ್ತಿಲ್ಲ. ಕಿವುಡುತನ ಮುಚ್ಚಿಟ್ಟವನಿಗೆ ಬೈಯುವ ಅಧಿಕಾರವಿಲ್ಲ. ಯಾರಿಗೆ ಹೇಳಬೇಕು, ಬಿಡಬೇಕು ಎನ್ನುವುದು ನಿಮಗೆ ಸೇರಿದ್ದು. ಆದರೆ ಲಟ್ಟಣಿಗೆ ಮಾತ್ರ ಇವತ್ತೇ ಬಿಟ್ಟುಬಿಡಿ, ನನ್ನ ಮೇಲಾಣೆ.

ಹೊಸ ಹಿಡಿಕೆ ಕಳಿಸಿದ್ದೇನೆ. ಅಚ್ಚಿನದಲ್ಲ, ನೈಲಾನ್ ಗಟ್ಟಿಯಲ್ಲಿ ಕೊರೆದ ಮಾದರಿ. ರೆಕ್ಕೆಗಳನ್ನು ಕಿತ್ತುಹಾಕಿ ಒಂದು ಗೇಣು ಉದ್ದದ ತೋಳು ಮಾಡಿದ್ದೇನೆ. ಉಕ್ಕು ಇಲ್ಲ. ತುದಿಯಲ್ಲಿ ಅಂಗೈಯಷ್ಟು ಅಗಲದ ಹಾಸು ಇದೆ, ಮೇಲೆ ಸ್ವಲ್ಪ ತಗ್ಗು. ಹಿಡಿಯಬೇಕಾಗಿಲ್ಲ, ತಿರುಚಬೇಕಾಗಿಲ್ಲ. ತೆರೆದಾಗ ತೋಳು ಪೈಪಿನ ಉದ್ದಕ್ಕೆ ಮಲಗಿರುತ್ತದೆ. ಬಂದ್ ಮಾಡಲು ಮೊಣಕೈಯಿಂದ ಕೆಳಗಿನ ಕೈಯನ್ನು ಅದರ ಮೇಲಿಟ್ಟು ಮೈಭಾರ ಬಿಡಿ, ಕೆಳಗಿಳಿದು ನಿಲ್ಲುತ್ತದೆ. ಬೆಳಗ್ಗೆ ಅಂಗೈಯ ಬುಡದಿಂದ ಮೇಲಕ್ಕೆ ಎತ್ತಿ. ಯಾವುದಾದರೂ ಪಾತ್ರೆ ನಿಜವಾಗಿಯೂ ಬಿದ್ದರೆ ಅದು ಬಂದ್ ಆಗುತ್ತದೆಯೇ ಹೊರತು ತೆರೆದುಕೊಳ್ಳುವುದಿಲ್ಲ.

ಕಾಂತರಾಜು, "ಏನ್ ಸಾರ್ ಇದು, ಡಬ್ಬಿ ಒಳಗೇ ಹಿಡಿಸಲ್ವಲ್ಲ!" ಎಂದ. ಡಬ್ಬಿ ದೊಡ್ಡದು ಮಾಡಿಸಪ್ಪ ಎಂದೆ. ಕಿವಿಯ ವಿಷಯವನ್ನೂ ಅವನಿಗೆ ಹೇಳಿದೆ. ಅವನು ನಗುತ್ತಾ ಒಂದು ಚೀಟಿಯ ಮೇಲೆ ಬರೆದು ತೋರಿಸಿದ: "ಗೊತ್ತಿತ್ತು ಸಾರ್, ನಾಲ್ಕು ವರ್ಷದಿಂದ."

ಶಂಭುಲಿಂಗಪ್ಪ


ಕೆಂಗೇರಿ ಉಪನಗರ
೬ ಏಪ್ರಿಲ್ ೨೦೨೫

ಅಣ್ಣನವರಿಗೆ ತಂಗಿ ನೀಲಮ್ಮನ ಶರಣು ಶರಣಾರ್ಥಿ.

ನಿಮ್ಮ ಕಾಗದ ಓದಿ ಮೊದಲು ಸಿಟ್ಟು ಬಂತು, ಆಮೇಲೆ ಅಳು ಬಂತು. ಅಳುತ್ತಾ ಅಳುತ್ತಾ ಆ ಸವರಿದ ಹಿಟ್ಟು ನೆನಪಾಗಿ ನಗು ಬಂತು. ಎಲ್ಲ ನಿಜ. ಬೆರಳು ಮಡಿಸಿ ತಿರುಚಿದರೆ ಮಣಿಕಟ್ಟಿನೊಳಗೆ ಚಳುಕು ಹೊಡೆದು ಕಣ್ಣು ಕತ್ತಲಾಗುತ್ತಿತ್ತು. ವಾಲ್ವ್ ಇರುವುದು ಮೂಲೆಯಲ್ಲಿ, ಎಡಗೈ ಅಲ್ಲಿಗೆ ಹೋಗುವುದಿಲ್ಲ. ದಸರಾದಿಂದ ದಿನಾ ಎಲ್ಲರೂ ಕೈ ತೊಳೆಯಲು ಹಿತ್ತಲಿಗೆ ಹೋದ ಹೊತ್ತಿನಲ್ಲಿ ಲಟ್ಟಣಿಗೆಯಿಂದ ಹೊಡೆಯುತ್ತಿದ್ದೆ. ಕಬ್ಬಿಣದ ಹಿಡಿಕೆಗೂ ಮೂರು ತಿಂಗಳು ಹೊಡೆದಿದ್ದೇನೆ. ವಾಲ್ವ್ ಆಗಲೇ ಸಡಿಲವಾಗಿದ್ದಿರಬೇಕು. ನಿಮ್ಮ ಉಕ್ಕನ್ನು ಬೈದುಕೊಳ್ಳಬೇಡಿ, ಊಟ ಮಾಡಿ.

ಹೊಸ ಹಿಡಿಕೆಯನ್ನು ಯುಗಾದಿಯ ಹಿಂದಿನ ದಿನ ಕಾಂತರಾಜು ಜೋಡಿಸಿದ. ಅವತ್ತು ಸಂಜೆ ಮೊದಲ ಸಲ ಕೈ ಇಟ್ಟು ಭಾರ ಬಿಟ್ಟೆ. ಸದ್ದಿಲ್ಲದೆ ಇಳಿದು ನಿಂತಿತು. ನೋವಿಲ್ಲ, ಏನಿಲ್ಲ. ಖುಷಿಗೆ ಇನ್ನೆರಡು ಸಲ ತೆರೆದು ಬಂದ್ ಮಾಡಿದೆ. ಇನ್ನು ಯಾರಿಗೂ ಏನೂ ಹೇಳಬೇಕಾಗಿಲ್ಲ ಎಂದು ಮನಸ್ಸು ಹೇಳಿತು. ಆದರೆ ನೀವು ಕಾಂತರಾಜುವಿಗೆ ಹೇಳಿದ್ದು ನೆನಪಾಯಿತು. ಯುಗಾದಿಯ ದಿನ ಬೇವು ಬೆಲ್ಲ ಕೊಟ್ಟು ಶಿವರಂಜನಿಯನ್ನು ಕೂರಿಸಿಕೊಂಡು ಎಲ್ಲ ಹೇಳಿಬಿಟ್ಟೆ. ಲಟ್ಟಣಿಗೆ, ಮುಚ್ಚಳದ ಸುಳ್ಳು, ಗ್ಯಾಸು ಸೋರಿದ್ದು ಯಾಕೆ, ಎಲ್ಲ. ಇಷ್ಟರ ಮೇಲೆ ಯಜಮಾನಿಕೆ ನಿನಗೇ ಸೇರಬೇಕು, ನಾನು ಕುರ್ಚಿಗೆ ಹೋಗುತ್ತೇನೆ ಎಂದೂ ಹೇಳಿದೆ.

ಅವಳು ಬಾಯಲ್ಲಿದ್ದ ಬೇವು ಜಗಿದು ನುಂಗಿದಳು. ಆಮೇಲೆ ಹೇಳಿದಳು: "ಅತ್ತಿ, ಲಟ್ಟಣಿಗಿ ಸಪ್ಪಳ ಹಿತ್ತಲತನಕ ಕೇಳ್ತಿತ್ರಿ. ದಸರಾದಿಂದ ದಿನಾ ನೀವು ಮನಿಗೆ ಹೋದಮ್ಯಾಲೆ ನಾ ತಿರುಗಿ ಬಂದು ವಾಲ್ವ್ ನೋಡಿ, ಪೂರಾ ಬಂದ್ ಮಾಡಿ ಹೋಗ್ತಿದ್ದೆ. ಎಷ್ಟೋ ದಿನ ಅರ್ಧಾನೇ ಆಗಿರ್ತಿತ್ತು. ನಿಮಗ ಹೇಳಿದ್ರ ನೊಂದ್ಕೋತೀರಿ ಅಂತ ಹೇಳ್ಲಿಲ್ರಿ."

ಅಣ್ಣ, ಆರು ತಿಂಗಳು! ನನ್ನನ್ನು ಕುರ್ಚಿಗೆ ಕಳಿಸಲು ಕಾಯುತ್ತಿದ್ದಾಳೆ ಎಂದು ನಾನು ಅವಳ ಮೇಲೆ ಕಣ್ಣಿಟ್ಟಿದ್ದೆ. ಅವಳು ನನ್ನನ್ನು ಒಲೆಯ ಮುಂದೆಯೇ ಉಳಿಸಲು ದಿನಾ ಎರಡೆರಡು ಸಲ ನಡೆದಿದ್ದಾಳೆ. ನಾನು ಅವಳ ಕೈ ಹಿಡಿದುಕೊಂಡು ಅತ್ತುಬಿಟ್ಟೆ. ಅವಳೇ ನನ್ನ ಕಣ್ಣೊರೆಸಿ, "ಕುರ್ಚಿಗಿರ್ಚಿ ಯಾಕ್ರಿ ಈಗ, ನಾಳಿ ಸಂಜಿಕ ನೀವ ಬಂದ್ ಮಾಡ್ರಿ, ನಾ ನೋಡ್ತೀನಿ" ಎಂದಳು.

ಮರುದಿನ ಸಂಜೆ ಅವಳು ಪಕ್ಕದಲ್ಲಿ ನಿಂತು ನೋಡಿದಳು. ಅದರ ಮರುದಿನವೂ ನೋಡಿದಳು. ಒಂದು ಸಲ ತೋಳನ್ನು ಅಲುಗಿಸಿ ನೋಡಿ, ತಲೆಯಾಡಿಸಿದಳು. ಹೀಗೆ ಐದು ದಿನ.

ನಿನ್ನೆ ಶನಿವಾರ, ಕೆಲಸ ಹೆಚ್ಚು. ಕೊನೆಯ ಹಂಚು ಇಳಿಸಿ ನಾನು ಮೂಲೆಗೆ ಹೋಗಿ ಕೈ ಇಟ್ಟು ಬಂದ್ ಮಾಡಿದೆ. ತಿರುಗಿ ನೋಡಿದರೆ ಶಿವರಂಜನಿ ಬಾಗಿಲ ಹತ್ತಿರ ಚಪ್ಪಲಿ ಮೆಟ್ಟುತ್ತಿದ್ದಳು. "ಅತ್ತಿ, ಬರೂಮುಂದ ಕೊತ್ತಂಬರಿ ತಗೊಂಬರ್ರಿ" ಎಂದವಳು, ವಾಲ್ವಿನ ಕಡೆ ಒಮ್ಮೆಯೂ ನೋಡದೆ ಮನೆಗೆ ಹೊರಟುಹೋದಳು.

ನಿಮ್ಮ ತಂಗಿ
ನೀಲಮ್ಮ